ಗಣಕದ ಉಗ್ರಾಣ ಮತ್ತು ಓದದೆ ಬಿಟ್ಟ ಪಟ್ಟಿ

“ಎಷ್ಟಾಗುತ್ತೆ ಹೇಳಿ ಮೇಷ್ಟ್ರೇ. ಈ ಬೆಳೆಯ ಗೂಡು ಮಾರಿದ ದಿನವೇ ತಂದುಕೊಡ್ತೀನಿ. ಆದರೆ ಇವನನ್ನು ಮಾತ್ರ ಇನ್ನು ಆ ಕಂಪ್ಯೂಟರ್ ಹತ್ತಿರ ಬಿಡಬೇಡಿ.”

ಕೆಲವು ವರ್ಷಗಳ ಹಿಂದೆ ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತಿದ್ದಾಗ, ತಂದೆಯೊಬ್ಬರು ಕೊಠಡಿಯ ಬಾಗಿಲಲ್ಲಿ ನಿಂತು ಆಡಿದ ಮಾತಿದು. ಅವರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ರೈತರು. ಪಕ್ಕದಲ್ಲಿ ಒಂಬತ್ತನೇ ತರಗತಿಯ ಮಗ ತಲೆ ತಗ್ಗಿಸಿ ನಿಂತಿದ್ದ. ಶಾಲೆಯ ಎಂಟು ಗಣಕಗಳ ಪೈಕಿ ಮೂರು ಹಿಂದಿನ ದಿನ ಅವನ ಕೈಯಲ್ಲಿ ಕೆಟ್ಟಿದ್ದವು. ಸ್ವಿಚ್ ಹಾಕಿದರೆ ಬಣ್ಣದ ಪರದೆ, ಚಿತ್ರಗಳು, ಕಡತಕೋಶಗಳು ಯಾವುದೂ ಇಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಒಂದು ಸಾಲು, ಹೆಸರು ಮತ್ತು ಗುಪ್ತಪದ ಕೇಳುತ್ತಾ ಮಿನುಗುತ್ತಿತ್ತು.

ಹುಡುಗ ಪುಂಡನಲ್ಲ. ತರಗತಿಯಲ್ಲಿ ಹೆಚ್ಚು ಪ್ರಶ್ನೆ ಕೇಳುತ್ತಿದ್ದವನೇ ಅವನು. ಅಂದು ನಕ್ಷತ್ರಗಳನ್ನು ತೋರಿಸುವ ‘ಸ್ಟೆಲೇರಿಯಮ್’ ತಂತ್ರಾಂಶವನ್ನು ಗಣಕಗಳಿಗೆ ಹಾಕುವ ಕೆಲಸ ನಡೆದಿತ್ತು. ನಡುವೆ ನನಗೆ ಸಭೆಯ ಕರೆ ಬಂತು. “ಉಳಿದದ್ದು ನೀನು ನೋಡ್ಕೊಳ್ಳಪ್ಪ” ಎಂದು ಗುಪ್ತಪದವನ್ನು ಅವನಿಗೆ ಹೇಳಿಕೊಟ್ಟು ಹೋದವನು ನಾನೇ. ಆದ್ದರಿಂದ ತಪ್ಪಿನಲ್ಲಿ ನನ್ನ ಪಾಲೂ ಇತ್ತೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಹುಡುಗ ಮಾಡಿದ್ದೇನು, ಅದನ್ನು ಸರಿಪಡಿಸಿದ್ದು ಹೇಗೆ ಎಂಬುದು ವಿದ್ಯಾರ್ಥಿಗಳಿಗೂ ಪೋಷಕರಿಗೂ ಉಪಯೋಗವಾದೀತೆಂದು ಈ ವಾರ ಬರೆಯುತ್ತಿದ್ದೇನೆ.

ಶಾಲೆಗೆ ಬಂದ ಉಬುಂಟು

ನಮ್ಮ ರಾಜ್ಯದ ಅನೇಕ ಸರ್ಕಾರಿ ಪ್ರೌಢಶಾಲೆಗಳ ಗಣಕಗಳಲ್ಲಿ ‘ಉಬುಂಟು’ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಬಳಕೆಗೆ ಬಂತು. ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಕಾರ್ಯಕ್ರಮದಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ಇದರ ತರಬೇತಿ ನಡೆಯಿತು. ಶಿಕ್ಷಣ ಇಲಾಖೆಯೊಂದಿಗೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ಕಾರ್ಯಕ್ರಮವದು. ರೇಖಾಗಣಿತಕ್ಕೆ ‘ಜಿಯೋಜೀಬ್ರಾ’ ಇದೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದದ್ದೇ ಅಲ್ಲಿ.

ಉಬುಂಟುವಿನ ಮೊದಲ ಆವೃತ್ತಿ ಬಂದದ್ದು 2004ರ ಅಕ್ಟೋಬರ್‌ನಲ್ಲಿ. ಅದಕ್ಕೆ ತಾಯಿಬೇರು ‘ಡೆಬಿಯನ್’. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಯಾನ್ ಮರ್ಡಾಕ್ ಎಂಬ ತರುಣ 1993ರ ಆಗಸ್ಟ್‌ನಲ್ಲಿ ಆರಂಭಿಸಿದ ಯೋಜನೆಯದು. ತಂತ್ರಾಂಶಗಳನ್ನು ಊರೂರಲ್ಲಿ ಹುಡುಕಿ ತರುವ ಬದಲು ಒಂದೇ ಕಡೆ ಪರೀಕ್ಷಿಸಿ, ಪೊಟ್ಟಣ ಕಟ್ಟಿ, ಹೆಸರು ಬರೆದು ಜೋಡಿಸಿಡುವ ಪದ್ಧತಿಯನ್ನು ಇಂತಹ ಯೋಜನೆಗಳು ಬೆಳೆಸಿದವು. ಈ ದಾಸ್ತಾನಿಗೆ ಇಂಗ್ಲಿಷಿನಲ್ಲಿ ‘ರೆಪಾಸಿಟರಿ’ ಎಂದು ಹೆಸರು. ನಾನು ಮಕ್ಕಳಿಗೆ ‘ಉಗ್ರಾಣ’ ಎಂದು ಹೇಳಿಕೊಡುತ್ತೇನೆ. 2023ರ ಜೂನ್‌ನಲ್ಲಿ ಬಂದ ಡೆಬಿಯನ್‌ನ 12ನೇ ಆವೃತ್ತಿಯ ಉಗ್ರಾಣದಲ್ಲಿ 64,000ಕ್ಕೂ ಹೆಚ್ಚು ಪೊಟ್ಟಣಗಳಿದ್ದವು ಎಂದರೆ ಅದರ ಗಾತ್ರವನ್ನು ಊಹಿಸಿಕೊಳ್ಳಿ.

ಮದುವೆಮನೆಯ ಉಗ್ರಾಣವನ್ನು ನೀವೆಲ್ಲ ನೋಡಿದ್ದೀರಿ. ಅಡುಗೆಯವರು “ಸಾರಿಗೆ ಕೊಡಿ” ಎಂದರೆ ಉಗ್ರಾಣ ನೋಡಿಕೊಳ್ಳುವವರು ಬರೀ ಬೇಳೆ ಅಳೆದು ಕೊಟ್ಟು ಸುಮ್ಮನಾಗುವುದಿಲ್ಲ. ಹುಣಸೆಹಣ್ಣು, ಸಾರಿನ ಪುಡಿ, ಉಪ್ಪು, ಒಗ್ಗರಣೆಗೆ ಸಾಸಿವೆ, ಎಣ್ಣೆ ಎಲ್ಲವನ್ನೂ ಜೊತೆಗೆ ಕೊಡುತ್ತಾರೆ. ಗಣಕದ ಉಗ್ರಾಣದಲ್ಲಿ ಈ ಕೆಲಸ ಮಾಡುವ ತಂತ್ರಾಂಶದ ಹೆಸರು ‘ಆಪ್ಟ್’. ಒಂದು ಪೊಟ್ಟಣ ಕೇಳಿದರೆ, ಅದು ಯಾವ ಯಾವ ಪೊಟ್ಟಣಗಳನ್ನು ಅವಲಂಬಿಸಿದೆ ಎಂದು ನೋಡಿ ಅವನ್ನೂ ತಾನೇ ತರುತ್ತದೆ.

ಉಗ್ರಾಣಕ್ಕೊಂದು ಕಿಟಕಿ

ಆಪ್ಟ್ ಜೊತೆ ಮಾತನಾಡಲು ಮೊದಮೊದಲು ಕಪ್ಪು ಪರದೆಯಲ್ಲಿ ಆಜ್ಞೆಗಳನ್ನೇ ಟೈಪ್ ಮಾಡಬೇಕಿತ್ತು. ಇದು ಎಲ್ಲರಿಗೂ ಒಗ್ಗದು. ಬ್ರೆಜಿಲ್‌ನ ಕನೆಕ್ಟಿವಾ ಎಂಬ ಕಂಪನಿಯಲ್ಲಿದ್ದ ಆಲ್‌ಫ್ರೆಡೊ ಕೊಜಿಮಾ 2001ರ ಸುಮಾರಿಗೆ ಇದಕ್ಕೊಂದು ಚಿತ್ರರೂಪದ ಕಿಟಕಿ ಕಟ್ಟಿದರು. ಅದೇ ‘ಸಿನಾಪ್ಟಿಕ್’. ಬಹುಕಾಲ ಅದು ಉಬುಂಟುವಿನ ಜೊತೆಗೇ ಬರುತ್ತಿತ್ತು. 2011ರ ಅಕ್ಟೋಬರ್‌ನ ಆವೃತ್ತಿಯಿಂದ ಈಚೆಗೆ ಬೇಕಾದವರು ಉಗ್ರಾಣದಿಂದಲೇ ತರಿಸಿಕೊಳ್ಳಬೇಕು.

ಕಿಟಕಿ ತೆರೆದಾಗ ಎಡಗಡೆ ವಿಭಾಗಗಳು: ಶಿಕ್ಷಣ, ವಿಜ್ಞಾನ, ಗಣಿತ, ಅಕ್ಷರಶೈಲಿ ಇತ್ಯಾದಿ. ಬಲಗಡೆ ಪೊಟ್ಟಣಗಳ ಸಾಲು. ಪ್ರತಿ ಹೆಸರಿನ ಹಿಂದೆ ಒಂದು ಪುಟ್ಟ ಚೌಕ. ಚೌಕ ಬಿಳಿಯಾಗಿದ್ದರೆ ಆ ಪೊಟ್ಟಣ ನಿಮ್ಮ ಗಣಕದಲ್ಲಿಲ್ಲ, ಹಸಿರಾಗಿದ್ದರೆ ಇದೆ. ಹೆಸರಿನ ಮೇಲೆ ಒತ್ತಿದರೆ ಕೆಳಗೆ ಅದರ ವಿವರಣೆ. ಹುಡುಕುವ ಜಾಗದಲ್ಲಿ ‘ಕನ್ನಡ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ನೋಡಿ. ‘ಗುಬ್ಬಿ’ ಮತ್ತು ‘ನವಿಲು’ ಎಂಬ ಎರಡು ಕನ್ನಡ ಅಕ್ಷರಶೈಲಿಗಳು, ಮುದ್ರಿತ ಕನ್ನಡ ಪುಟದ ಚಿತ್ರವನ್ನು ಅಕ್ಷರಗಳಾಗಿ ಓದಿಕೊಡುವ ‘ಟೆಸೆರಾಕ್ಟ್’ನ ಕನ್ನಡ ಭಾಗ ನಿಮ್ಮೆದುರು ಬರುತ್ತವೆ. ರಸಾಯನಶಾಸ್ತ್ರದ ಆವರ್ತ ಕೋಷ್ಟಕಕ್ಕೆ ‘ಕ್ಯಾಲ್ಸಿಯಮ್’ ಎಂಬ ತಂತ್ರಾಂಶವಿದೆ. ಇವಕ್ಕೆಲ್ಲ ಕಾಸು ಕೊಡಬೇಕಿಲ್ಲ.

ಉಗ್ರಾಣದಿಂದ ಬರುವುದು ನಾವು ತೆರೆದು ನೋಡುವ ತಂತ್ರಾಂಶಗಳು ಮಾತ್ರವಲ್ಲ. ಪರದೆಯ ಹಿಂದೆ ಸದ್ದಿಲ್ಲದೆ ದುಡಿಯುವ ‘ಸೇವೆಗಳು’ ಕೂಡ ಅಲ್ಲಿಂದಲೇ ಬರುತ್ತವೆ. ಮುದ್ರಣ ಯಂತ್ರಕ್ಕೆ ಪುಟ ಕಳಿಸುವ ಸೇವೆ, ಅಂತರಜಾಲದ ಸಂಪರ್ಕ ಕಾಯುವ ಸೇವೆ, ಗಣಕದ ಗಡಿಯಾರ ಸರಿಯಿಡುವ ಸೇವೆ ಹೀಗೆ. ಅವು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ‘ಇದು ಯಾತಕ್ಕೆ?’ ಎಂದು ತೆಗೆದುಹಾಕಲು ಕೈ ಬೇಗ ಮುಂದಾಗುತ್ತದೆ.

ನಮ್ಮ ಹುಡುಗ ಮುಗ್ಗರಿಸಿದ್ದೂ ಹೆಚ್ಚುಕಡಿಮೆ ಹೀಗೆಯೇ.

ಎರಡು ಉಪ್ಪು ಯಾಕೆ?

ಸ್ಟೆಲೇರಿಯಮ್ ಹಾಕಿ ಮುಗಿಸಿದ ಮೇಲೆ ಅವನು ಪಟ್ಟಿಯನ್ನು ನೋಡುತ್ತಾ ಕುಳಿತ. ‘ಪೈಥಾನ್’ ಎಂಬ ಹೆಸರು ಎರಡು ಕಡೆ ಹಸಿರಾಗಿತ್ತು. ಒಂದು ಪೈಥಾನ್ 2, ಇನ್ನೊಂದು ಪೈಥಾನ್ 3. ಪೈಥಾನ್ ಎಂದರೆ ಗಿಡೊ ವಾನ್ ರೋಸಮ್ ಎಂಬವರು 1991ರಲ್ಲಿ ಹೊರತಂದ ಗಣಕಭಾಷೆ. ಅದರ ಎರಡನೇ ಪೀಳಿಗೆಗೆ 2020ರ ಜನವರಿ 1ರಂದು ವಿದಾಯ ಹೇಳಲಾಯಿತು. ಅದಕ್ಕೂ ಮುಂಚಿನ ಹಲವು ವರ್ಷ ಎರಡೂ ಪೀಳಿಗೆಗಳು ಒಂದೇ ಗಣಕದಲ್ಲಿ ಇರುತ್ತಿದ್ದವು. ಹುಡುಗನಿಗೆ ಇದು ದುಂದು ಎನಿಸಿತು. ಒಂದೇ ಹೆಸರಿನದು ಎರಡೇಕೆ? ಒಂದನ್ನು ತೆಗೆದರೆ ಹಳೆಯ ಗಣಕದಲ್ಲಿ ಒಂದಿಷ್ಟು ಜಾಗವಾದರೂ ಉಳಿದೀತು ಎಂದುಕೊಂಡ. ಪೈಥಾನ್ 3ರ ಚೌಕದ ಮೇಲೆ ಒತ್ತಿ ‘ತೆಗೆಯಲು ಗುರುತು ಹಾಕು’ ಎಂಬುದನ್ನು ಆರಿಸಿದ.

ಮದುವೆಮನೆಯ ಲೆಕ್ಕದಲ್ಲೇ ಹೇಳುವುದಾದರೆ, ಉಗ್ರಾಣದಲ್ಲಿ ಕಲ್ಲುಪ್ಪು ಒಂದು, ಪುಡಿಯುಪ್ಪು ಒಂದು ಇರುವುದನ್ನು ನೋಡಿ, “ಎರಡು ಯಾತಕ್ಕೆ, ಪುಡಿಯುಪ್ಪು ಬೇಡ” ಎಂದ ಹಾಗಾಯಿತು. ಆಪ್ಟ್ ಎಂಬ ಉಗ್ರಾಣದವನು ಬಲು ಕರಾರುವಾಕ್ಕಿನ ಮನುಷ್ಯ. ಪುಡಿಯುಪ್ಪು ಬೇಡವೆಂದರೆ, ಪುಡಿಯುಪ್ಪು ಹಾಕಲೇಬೇಕಾದ ಅಡುಗೆಗಳೂ ಬೇಡವೆಂದೇ ಅವನ ಲೆಕ್ಕ. ಉಬುಂಟುವಿನ ಪರದೆ, ಅದರ ಪಟ್ಟಿಗಳು, ಹೊಂದಿಸುವ ಸಾಧನಗಳು ಹೀಗೆ ಎಷ್ಟೋ ಭಾಗಗಳು ಪೈಥಾನ್ 3ರ ಮೇಲೆ ನಿಂತಿವೆ. ಉಪ್ಪು ಹೋದರೆ ಊಟವೇ ಹೋಗುತ್ತದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸಿನಾಪ್ಟಿಕ್ ಅವನಿಗೆ ಹೇಳದೆ ಏನನ್ನೂ ಮಾಡಲಿಲ್ಲ. ಗುರುತು ಹಾಕಿದ ಕೂಡಲೇ ಒಂದು ಪುಟ್ಟ ಕಿಟಕಿ ತೆರೆದು, ‘ಇದರ ಜೊತೆಗೆ ಇವೂ ಹೋಗುತ್ತವೆ, ಒಪ್ಪಿಗೆಯೇ?’ ಎಂದು ಉದ್ದದ ಪಟ್ಟಿಯನ್ನು ಮುಂದಿಟ್ಟಿತು. ಅವನು ಒಪ್ಪಿಗೆ ಒತ್ತಿದ. ಆಗಲೂ ಏನೂ ಕೆಟ್ಟಿರಲಿಲ್ಲ. ಏಕೆಂದರೆ ಸಿನಾಪ್ಟಿಕ್‌ನಲ್ಲಿ ಗುರುತು ಹಾಕುವುದು ಬೇರೆ, ಜಾರಿ ಮಾಡುವುದು ಬೇರೆ. ಗುರುತು ಹಾಕಿದ್ದನ್ನು ಎಷ್ಟು ಸಲ ಬೇಕಾದರೂ ಅಳಿಸಬಹುದು. ಎಲ್ಲ ಗುರುತುಗಳನ್ನೂ ಒಮ್ಮೆಗೇ ಅಳಿಸುವ ಅವಕಾಶವೂ ಉಂಟು. ಮೇಲುಗಡೆಯ ‘ಅಪ್ಲೈ’ ಗುಂಡಿ ಒತ್ತುವವರೆಗೆ ಗಣಕದಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಅದನ್ನು ಒತ್ತಿದಾಗಲೂ ಇಷ್ಟು ಪೊಟ್ಟಣ ಸೇರುತ್ತವೆ, ಇಷ್ಟು ಹೋಗುತ್ತವೆ ಎಂದು ಸಾರಾಂಶ ತೋರಿಸಿ ಕೊನೆಯ ಸಲ ಕೇಳುತ್ತದೆ.

ಎರಡು ಸಲ ಕೇಳಿತು. ಎರಡು ಸಲವೂ ಅವನು ಓದದೆ ಒತ್ತಿದ. ಒಂದು ಗಣಕ ‘ಸ್ವಚ್ಛ’ವಾಯಿತೆಂಬ ಖುಷಿಯಲ್ಲಿ ಪಕ್ಕದ ಎರಡನ್ನೂ ಹಾಗೆಯೇ ಮಾಡಿದ. ಮರುದಿನ ಸ್ವಿಚ್ ಹಾಕಿದಾಗಲೇ ಗೊತ್ತಾದದ್ದು.

ನಾವೆಲ್ಲರೂ ಹೀಗೆಯೇ ಅಲ್ಲವೇ? ಬ್ಯಾಂಕಿನ ಕಾಗದಕ್ಕೆ ಓದದೆ ಸಹಿ ಹಾಕುತ್ತೇವೆ. ಮೊಬೈಲ್ ಕೇಳಿದ್ದಕ್ಕೆಲ್ಲ ‘ಓಕೆ’ ಒತ್ತುತ್ತೇವೆ. ಹದಿನಾಲ್ಕರ ಹುಡುಗನೊಬ್ಬನನ್ನೇ ದೂರಿ ಏನು ಫಲ?

ಕೆಡಿಸಿದವನೇ ಸರಿಪಡಿಸಿದ

ತಂದೆಯವರನ್ನು ಒಳಗೆ ಕರೆದು, “ಬನ್ನಿ, ಕೂತ್ಕೊಳ್ಳಿ. ದುಡ್ಡಿನ ಮಾತು ಆಮೇಲೆ. ಮೊದಲು ಏನಾಗಿದೆ ನೋಡೋಣ” ಎಂದೆ. ಕೀಲಿಮಣೆಯ ಮುಂದೆ ಹುಡುಗನನ್ನೇ ಕೂರಿಸಿದೆ. ಅವನ ಕೈ ನಡುಗುತ್ತಿತ್ತು.

ಉಗ್ರಾಣದ ವ್ಯವಹಾರಕ್ಕೆಲ್ಲ ದಿನಚರಿ ಇರುತ್ತದೆ. ಯಾವ ದಿನ, ಎಷ್ಟು ಗಂಟೆಗೆ ಏನು ಬಂತು, ಏನು ಹೋಯಿತು ಎಂಬುದನ್ನು ಆಪ್ಟ್ ಒಂದು ಕಡತದಲ್ಲಿ ಬರೆದಿಡುತ್ತದೆ. ಸಿನಾಪ್ಟಿಕ್‌ನ ಕಿಟಕಿಯಲ್ಲಿ ‘ಹಿಸ್ಟರಿ’ ಎಂಬಲ್ಲಿ ಇಂತಹ ದಾಖಲೆ ಕಾಣುತ್ತದೆ. ಕಿಟಕಿಯೇ ಹೋಗಿದ್ದರಿಂದ ಕಪ್ಪು ಪರದೆಯಲ್ಲೇ ಆ ಕಡತ ತೆರೆಸಿದೆ. ಹಿಂದಿನ ದಿನದ ಮಧ್ಯಾಹ್ನದ ಸಮಯ, ಅದರ ಕೆಳಗೆ ತೆಗೆದ ಪೊಟ್ಟಣಗಳ ಹೆಸರು ಸಾಲುಸಾಲಾಗಿ ಇದ್ದವು. “ಓದಪ್ಪ, ಗಟ್ಟಿಯಾಗಿ ಓದು” ಎಂದೆ. ನಿನ್ನೆ ಓದದೆ ಬಿಟ್ಟ ಪಟ್ಟಿಯನ್ನು ಅವನು ಇಂದು ಓದಿದ. ಹತ್ತು ಹೆಸರು ಓದುವಷ್ಟರಲ್ಲಿ, “ಸಾರ್, ಡೆಸ್ಕ್‌ಟಾಪ್ ಅಂತಲೇ ಇದೆ ಸಾರ್ ಇಲ್ಲಿ!” ಎಂದ. ಬಯ್ಯಲು ನನಗೆ ಏನೂ ಉಳಿಯಲಿಲ್ಲ.

ಅದೃಷ್ಟಕ್ಕೆ ಅಂತರಜಾಲದ ಕೇಬಲ್ ಕೆಲಸ ಮಾಡುತ್ತಿತ್ತು. ‘ಉಬುಂಟು-ಡೆಸ್ಕ್‌ಟಾಪ್’ ಎಂಬ ಒಂದು ಪೊಟ್ಟಣವನ್ನು ಮತ್ತೆ ಹಾಕುವಂತೆ ಆಪ್ಟ್‌ಗೆ ಆಜ್ಞೆ ಕೊಡಿಸಿದೆ. ಅದು ಹೆಸರಿಗೆ ಒಂದು ಪೊಟ್ಟಣ. ವಾಸ್ತವವಾಗಿ ‘ಪೂರ್ತಿ ಊಟದ ಚೀಟಿ’ ಇದ್ದಂತೆ. ಆ ಚೀಟಿ ಕೊಟ್ಟರೆ ಉಪ್ಪಿನಿಂದ ಪಾಯಸದವರೆಗೆ ಎಲ್ಲವೂ ಬರುತ್ತದೆ. ಉಳಿದ ಕೆಲವನ್ನು ದಿನಚರಿ ನೋಡಿಕೊಂಡು ಒಂದೊಂದಾಗಿ ಹಾಕಿದ. ಸಂಜೆಯ ಹೊತ್ತಿಗೆ ಮೂರೂ ಗಣಕಗಳ ಪರದೆ ಮರಳಿ ಬಂತು. ಮಕ್ಕಳು ಬರೆದಿಟ್ಟಿದ್ದ ಕಡತಗಳು ಇದ್ದ ಹಾಗೆಯೇ ಇದ್ದವು. ತಂತ್ರಾಂಶದ ಪೊಟ್ಟಣಗಳೇ ಬೇರೆ, ನಾವು ಬರೆದ ಕಡತಗಳ ಜಾಗವೇ ಬೇರೆ. ಒಂದನ್ನು ತೆಗೆದರೆ ಇನ್ನೊಂದು ಅಳಿಯುವುದಿಲ್ಲ. ತಗುಲಿದ ಖರ್ಚು ಒಂದು ಮಧ್ಯಾಹ್ನ ಮಾತ್ರ.

ಎಲ್ಲಿಯ ಮೊಟ್ಟೆ?

ಆ ತಂದೆ ಹಿಂದಿನ ಬೆಂಚಿನಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. “ಇದೆಲ್ಲ ಎಲ್ಲಿಂದ ಬರ್ತಾ ಇದೆ ಮೇಷ್ಟ್ರೇ? ಯಾರೋ ಕಳಿಸಿದ್ದನ್ನ ನಂಬೋದು ಹೆಂಗೆ?” ಎಂದು ಕೇಳಿದರು. ನನ್ನ ತರಬೇತಿಯ ದಿನಗಳಲ್ಲಿ ನಾನೂ ಕೇಳದಿದ್ದ ಪ್ರಶ್ನೆಯದು.

ಉಗ್ರಾಣದ ಪಟ್ಟಿಗೆ ಅದನ್ನು ನಡೆಸುವವರ ಗಣಿತದ ಮುದ್ರೆ ಇರುತ್ತದೆ. ಪಟ್ಟಿಯಲ್ಲಿ ಪ್ರತಿ ಪೊಟ್ಟಣದ ‘ಬೆರಳಚ್ಚು’ ಇರುತ್ತದೆ. ದಾರಿಯಲ್ಲಿ ಯಾರಾದರೂ ಒಂದು ಅಕ್ಷರ ತಿದ್ದಿದರೂ ಬೆರಳಚ್ಚು ತಾಳೆಯಾಗದು, ಆಪ್ಟ್ ಆ ಪೊಟ್ಟಣವನ್ನು ನಿರಾಕರಿಸುತ್ತದೆ. ಇಷ್ಟು ಹೇಳುವಷ್ಟರಲ್ಲಿ ಅವರೇ, “ಚಾಕಿ ತರೋವಾಗ ನಾವೂ ಹಂಗೇ ಕೇಳ್ತೀವಿ, ಎಲ್ಲಿಯ ಮೊಟ್ಟೆ ಅಂತ” ಎಂದರು.

ಎಷ್ಟು ಸರಿಯಾದ ಹೋಲಿಕೆ! 1865ರಿಂದ ಕೆಲವು ವರ್ಷ ಫ್ರಾನ್ಸಿನಲ್ಲಿ ರೇಷ್ಮೆಹುಳುವಿನ ಗಂಟುರೋಗವನ್ನು ಅಧ್ಯಯನ ಮಾಡಿದ ಲೂಯಿ ಪಾಶ್ಚರ್, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುವ ಕ್ರಮವನ್ನು ತೋರಿಸಿಕೊಟ್ಟರು. ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವುದು ಅದೇ ತತ್ವದ ಪರೀಕ್ಷೆ. ಪರೀಕ್ಷೆಯಾದ ಮೊಟ್ಟೆ ಬಿಟ್ಟು ದಾರಿಯಲ್ಲಿ ಸಿಕ್ಕ ಮೊಟ್ಟೆ ತಂದರೆ ಹುಳುಮನೆಯೇ ಹಾಳು. ತಂತ್ರಾಂಶವೂ ಹಾಗೆಯೇ. 2024ರಲ್ಲಿ ಮದುವೆಯ ಕರೆಯೋಲೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿದ್ದ ‘ಎಪಿಕೆ’ ಕಡತಗಳ ಬಗ್ಗೆ ಪೊಲೀಸರು ಎಚ್ಚರಿಸಿದ್ದನ್ನು ಪೋಷಕರು ನೆನಪಿಸಿಕೊಳ್ಳಬೇಕು. ಅದು ಕೋಠಿಯಿಂದ ಬಂದ ಮೊಟ್ಟೆಯಲ್ಲ, ಬೀದಿಯ ಮೊಟ್ಟೆ.

ಹಾಗೆಂದು ಉಗ್ರಾಣದ ಮೇಲೆ ಕುರುಡು ನಂಬಿಕೆಯೂ ಸಲ್ಲದು. 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಜಡ್’ ಎಂಬ ಒಂದು ಪುಟ್ಟ ಪೊಟ್ಟಣದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಪತ್ತೆಯಾಯಿತು. ಡೆಬಿಯನ್‌ನ ಪರೀಕ್ಷಾ ಹಂತದ ಉಗ್ರಾಣದವರೆಗೂ ಅದು ಬಂದಿತ್ತು, ಜನಬಳಕೆಯ ಸ್ಥಿರ ಆವೃತ್ತಿಗೆ ಬಂದಿರಲಿಲ್ಲ. ಪತ್ತೆ ಹಚ್ಚಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರಿಗೆ ಸಿಕ್ಕ ಸುಳಿವು, ತಮ್ಮ ಗಣಕಕ್ಕೆ ಪ್ರವೇಶ ಪಡೆಯುವಾಗ ಆಗುತ್ತಿದ್ದ ಸುಮಾರು ಅರ್ಧ ಸೆಕೆಂಡಿನ ತಡ. ಅರ್ಧ ಸೆಕೆಂಡನ್ನು ನಿರ್ಲಕ್ಷಿಸದ ಒಬ್ಬ ಮನುಷ್ಯನಿಂದ ಲೋಕವೇ ಬಚಾವಾಯಿತು.

ನಮ್ಮ ಊರುಗಳಿಗೆ ಆಗುವ ಉಪಯೋಗ

ನಮ್ಮ ಜಿಲ್ಲೆಯ ಶಿಕ್ಷಕರಿಗೂ ಕಾಲೇಜು ವಿದ್ಯಾರ್ಥಿಗಳಿಗೂ ಸಿನಾಪ್ಟಿಕ್‌ನ ಎರಡು ಅನುಕೂಲಗಳನ್ನು ಹೇಳಲೇಬೇಕು.

ಒಂದು, ಗುರುತುಗಳನ್ನು ಕಡತವಾಗಿ ಉಳಿಸುವುದು. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಒಂದು ಗಣಕವನ್ನು ಮಾದರಿಯಾಗಿ ಸಜ್ಜುಗೊಳಿಸಿ, ‘ಸೇವ್ ಮಾರ್ಕಿಂಗ್ಸ್’ ಮೂಲಕ ಪೂರ್ಣ ಪಟ್ಟಿಯನ್ನು ಉಳಿಸಿ, ಪೆನ್‌ಡ್ರೈವ್‌ನಲ್ಲಿ ಚಿಂತಾಮಣಿಯ ಶಾಲೆಗೆ ಕೊಟ್ಟರೆ ಸಾಕು. ಅವರು ‘ರೀಡ್ ಮಾರ್ಕಿಂಗ್ಸ್’ ಒತ್ತಿ, ಪಟ್ಟಿ ಓದಿ, ಜಾರಿ ಮಾಡಿದರೆ ಅಲ್ಲಿಯೂ ಅದೇ ತಂತ್ರಾಂಶಗಳು ಕೂರುತ್ತವೆ. ಎರಡೂ ಕಡೆ ಉಬುಂಟುವಿನ ಆವೃತ್ತಿ ಒಂದೇ ಇರಬೇಕು, ಅಷ್ಟೇ.

ಎರಡು, ಅಂತರಜಾಲವಿಲ್ಲದ ಶಾಲೆಗೊಂದು ದಾರಿ. ಗೌರಿಬಿದನೂರು ಕಡೆಯ ಹಳ್ಳಿಯೊಂದರ ಶಾಲೆಗೆ ಸಂಪರ್ಕವಿಲ್ಲ ಎಂದಿಟ್ಟುಕೊಳ್ಳಿ. ಅಲ್ಲಿಯ ಮಕ್ಕಳಿಗೂ ಸ್ಟೆಲೇರಿಯಮ್ ಬೇಕು. ಅವರದು 1976ರಿಂದ ರೇಡಿಯೊ ದೂರದರ್ಶಕ ಆಕಾಶಕ್ಕೆ ಕಿವಿಗೊಟ್ಟಿರುವ ತಾಲ್ಲೂಕು! ಸಂಪರ್ಕವಿಲ್ಲದ ಗಣಕದಲ್ಲಿ ಗುರುತು ಹಾಕಿ, ಬೇಕಾದ ಪೊಟ್ಟಣಗಳ ವಿಳಾಸಗಳಿರುವ ಒಂದು ಆಜ್ಞಾಕಡತವನ್ನು ಸಿನಾಪ್ಟಿಕ್‌ನಿಂದ ಮಾಡಿಸಿಕೊಳ್ಳಬಹುದು. ಅದನ್ನು ಸಂಪರ್ಕವಿರುವ ಬೇರೊಂದು ಲಿನಕ್ಸ್ ಗಣಕದಲ್ಲಿ ಓಡಿಸಿ, ಇಳಿದ ಪೊಟ್ಟಣಗಳನ್ನು ಪೆನ್‌ಡ್ರೈವ್‌ನಲ್ಲಿ ಹೊತ್ತು ತಂದು ‘ಆ್ಯಡ್ ಡೌನ್‌ಲೋಡೆಡ್ ಪ್ಯಾಕೇಜಸ್’ ಮೂಲಕ ಸೇರಿಸಿದರಾಯಿತು. ಸಂತೆಗೆ ಚೀಟಿ ಬರೆದುಕೊಟ್ಟು ಸಾಮಾನು ತರಿಸಿದಂತೆ.

ಈ ವಾರದ ಕೆಲಸ

ವಿದ್ಯಾರ್ಥಿಗಳೇ, ಉಬುಂಟು ಇರುವ ಗಣಕ ಸಿಕ್ಕರೆ ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಿನಾಪ್ಟಿಕ್ ತೆರೆಯಿರಿ. ಪೈಥಾನ್ 3ನ್ನು ತೆಗೆಯಲು ಗುರುತು ಹಾಕಿ, ಬರುವ ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆ ಎಣಿಸಿ, ಐದನ್ನು ಬರೆದುಕೊಳ್ಳಿ. ಬಳಿಕ ‘ಕ್ಯಾನ್ಸಲ್’ ಒತ್ತಿ ಹೊರಬನ್ನಿ. ‘ಅಪ್ಲೈ’ ಗುಂಡಿಯ ಬಳಿ ಸುಳಿಯಬೇಡಿ.

ಗಣಕವಿಲ್ಲದವರು ಬೇಸರಿಸಬೇಕಿಲ್ಲ. ಪೋಷಕರ ಮೊಬೈಲ್‌ನಲ್ಲಿ ಯಾವುದಾದರೂ ಒಂದು ಆ್ಯಪ್‌ಗೆ ಯಾವ ಯಾವ ಅನುಮತಿ ಕೊಟ್ಟಿದೆ ಎಂಬ ಪಟ್ಟಿಯನ್ನು ಸೆಟ್ಟಿಂಗ್ಸ್‌ನಲ್ಲಿ ತೆರೆದು, ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ಟಾರ್ಚ್ ಆ್ಯಪ್‌ಗೆ ನಿಮ್ಮ ಫೋನಿನಲ್ಲಿರುವ ಹೆಸರು, ನಂಬರುಗಳೆಲ್ಲ ಏಕೆ ಬೇಕು ಎಂದು ಮನೆಯವರೆಲ್ಲ ಕೂತು ಯೋಚಿಸಿ.

ಪೋಷಕರಲ್ಲಿ ನನ್ನದೊಂದು ವಿನಂತಿ. ಮಕ್ಕಳು ಯಂತ್ರ ಕೆಡಿಸಿದಾಗ ‘ಇನ್ನು ಮುಟ್ಟಬೇಡ’ ಎನ್ನುವುದು ಸುಲಭ. ಅದರಿಂದ ಯಂತ್ರ ಉಳಿದೀತು, ಕಲಿಕೆ ಉಳಿಯದು. ‘ಓದಿ ಮುಟ್ಟು’ ಎನ್ನಿ. ಆ ತಂದೆ ಅಂದು ಸಂಜೆ ಹೊರಡುವಾಗ ದುಡ್ಡಿನ ಮಾತನ್ನು ಮತ್ತೆ ಎತ್ತಲಿಲ್ಲ. ಮಗನ ಹೆಗಲ ಮೇಲೆ ಕೈಯಿಟ್ಟು, “ನಾಳೆ ಇವನನ್ನ ಕಳಿಸಲಾ ಮೇಷ್ಟ್ರೇ?” ಎಂದಷ್ಟೇ ಕೇಳಿದರು.

ಕಳಿಸಿದರು. ಮರುದಿನ ಅವನು ಮಾಡಿದ ಮೊದಲ ಕೆಲಸ, ಗಣಕ ಕೊಠಡಿಯ ಕಪ್ಪುಹಲಗೆಯ ಮೂಲೆಯಲ್ಲಿ ‘ಪಟ್ಟಿ ಓದಿದಿರಾ?’ ಎಂದು ಸೀಮೆಸುಣ್ಣದಲ್ಲಿ ಬರೆದದ್ದು. ನಾನು ಆ ಶಾಲೆಯಲ್ಲಿ ಇರುವವರೆಗೂ ಆ ಮೂಲೆಯನ್ನು ಯಾರಿಗೂ ಒರೆಸಲು ಬಿಡಲಿಲ್ಲ.